ಸಾರಜನಕ ಹಿಡಿಯುವ ಕಲ್ಲು, ಮೂವತ್ತು ಸಾವಿರ ಅಡಿ ಮೇಲೆ

ಇಳಕಲ್ಲಿನ ಕೆಂಪು ಗ್ರಾನೈಟ್ ಹೊರದೇಶಗಳಿಗೂ ಹೋಗುತ್ತದೆ. ಅದರ ಧೂಳು ಮಾತ್ರ ಇಲ್ಲೇ, ಕಲ್ಲು ಕೊರೆದು ಕೊಯ್ದವರ ಎದೆಯಲ್ಲಿ ಉಳಿಯುತ್ತದೆ. ಸಿಲಿಕಾದ ಸಣ್ಣ ಕಣಗಳು ಶ್ವಾಸಕೋಶದಲ್ಲಿ ಗಂಟು ಕಟ್ಟುವ ರೋಗಕ್ಕೆ ಸಿಲಿಕೋಸಿಸ್ ಎನ್ನುತ್ತಾರೆ. ಅದು ವಾಸಿಯಾಗುವುದಿಲ್ಲ. ಇಂಥವರಿಗೂ, ಒಲೆಯ ಹೊಗೆಯಲ್ಲೇ ಬಾಳು ಸವೆಸಿ ದಮ್ಮು ಹತ್ತಿಸಿಕೊಂಡ ಅಜ್ಜಿಯರಿಗೂ ಕಡೆಕಡೆಗೆ ಮನೆಯಲ್ಲೇ ಆಕ್ಸಿಜನ್ ಬೇಕಾಗಬಹುದು. ಬೆಂಗಳೂರಿನ ಆಸ್ಪತ್ರೆಗೆ ತೋರಿಸಲು ಹುಬ್ಬಳ್ಳಿಯಿಂದ ವಿಮಾನದಲ್ಲಿ ಹೋಗೋಣವೆಂದರೆ, ಆಕ್ಸಿಜನ್ ಮಷಿನ್ ಜೊತೆಗೆ ಬಿಡುತ್ತಾರೆಯೇ?

ಬಿಡುತ್ತಾರೆ, ಆದರೆ ಎಲ್ಲ ಮಷಿನ್ನನ್ನೂ ಅಲ್ಲ. ಕೋವಿಡ್ ಕಾಲದಲ್ಲಿ ಊರೂರಿಗೆ ಬಂದ, ಗಾಲಿಯ ಮೇಲೆ ನಿಲ್ಲುವ ಭಾರದ ಪೆಟ್ಟಿಗೆ ಗೋಡೆಯ ಕರೆಂಟಿಗೆ ಅಂಟಿಕೊಂಡದ್ದು. ವಿಮಾನಕ್ಕೆ ಬೇಕಾದದ್ದು ಹೆಗಲಿಗೆ ನೇತುಹಾಕುವ, ಬ್ಯಾಟರಿಯ ಮೇಲೆ ನಡೆಯುವ ಎರಡು-ಮೂರು ಕಿಲೋದ ಕಾನ್ಸನ್‌ಟ್ರೇಟರ್. ಸ್ವಂತ ಸಿಲಿಂಡರಿಗೆ ವಿಮಾನ ಸಂಸ್ಥೆಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಈ ಮಷಿನ್ ಆಕ್ಸಿಜನ್ ತಯಾರಿಸುವುದಿಲ್ಲ. ಗಾಳಿಯಲ್ಲಿ ಶೇ. 78 ಸಾರಜನಕ, ಶೇ. 21 ಆಮ್ಲಜನಕ ಇದೆಯಷ್ಟೆ. ಅದು ಸಾರಜನಕವನ್ನು ಹಿಡಿದು ಹೊರಹಾಕುತ್ತದೆ. ಹಿಡಿಯುವುದು ಜಿಯೊಲೈಟ್ ಎಂಬ ಖನಿಜದ ಸಣ್ಣ ಗುಂಡುಗಳು. ದಖ್ಖನ್ ಬಸಾಲ್ಟಿನ ಪೊಳ್ಳುಗಳಲ್ಲಿ, ಅದರಲ್ಲೂ ಪುಣೆಯ ಸುತ್ತ, ಜಿಯೊಲೈಟ್ ಚೆಂದದ ಹರಳಾಗಿ ಸಿಗುತ್ತದೆ. ಮಷಿನ್ನಿನಲ್ಲಿರುವುದು ಕಾರ್ಖಾನೆಯಲ್ಲಿ ಮಾಡಿದ್ದು. ಒಂದು ಕಲ್ಲು ಕೆಡಿಸಿದ ಉಸಿರಿಗೆ ಇನ್ನೊಂದು ಕಲ್ಲೇ ಆಸರೆ!

ಜಿಯೊಲೈಟಿನ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಅವುಗಳಲ್ಲಿ ಲಿಥಿಯಂ ಅಥವಾ ಸೋಡಿಯಂ ಅಯಾನುಗಳಿದ್ದು, ಆಮ್ಲಜನಕಕ್ಕಿಂತ ಸಾರಜನಕದ ಅಣುವನ್ನು ಹೆಚ್ಚು ಬಲವಾಗಿ ಸೆಳೆಯುತ್ತವೆ. ಒಳಗೆ ಸಾಮಾನ್ಯವಾಗಿ ಎರಡು ಕೊಳವೆಗಳಿರುತ್ತವೆ. ಒಂದಕ್ಕೆ ಒತ್ತಡದಲ್ಲಿ ಗಾಳಿ ನುಗ್ಗಿಸಿದಾಗ ಸಾರಜನಕ ಗುಂಡುಗಳಿಗೆ ಅಂಟಿ, ಆಮ್ಲಜನಕ ಮುಂದಕ್ಕೆ ಹೋಗುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಅದು ತುಂಬುತ್ತದೆ. ಕವಾಟ ತಿರುಗಿ ಒತ್ತಡ ಇಳಿದೊಡನೆ ಅಂಟಿದ ಸಾರಜನಕ ಬಿಟ್ಟುಕೊಳ್ಳುತ್ತದೆ. ಅಷ್ಟರಲ್ಲಿ ಎರಡನೆಯ ಕೊಳವೆಯ ಸರದಿ. ಮಷಿನ್ ಆಗಾಗ ‘ಫುಸ್’ ಎನ್ನುವುದು ಸಾರಜನಕ ಹೊರಬೀಳುವ ಸದ್ದು, ಗಾಬರಿ ಬೇಡ. ಕೈಗೆ ಸಿಗುವುದು ಶೇ. 90 ದಾಟಿದ ಆಮ್ಲಜನಕ. ಈ ಉಪಾಯಕ್ಕೆ ಚಾರ್ಲ್ಸ್ ಸ್ಕಾರ್‌ಸ್ಟ್ರಾಮ್ 1960ರಲ್ಲಿ ಪೇಟೆಂಟ್ ಪಡೆದ.

ಚಿಕ್ಕ ಮಷಿನ್ ಇನ್ನೂ ಜಿಪುಣ. ನೀವು ಉಸಿರು ಎಳೆದದ್ದನ್ನು ಮೂಗಿನ ನಳಿಕೆಯಿಂದಲೇ ಗುರುತಿಸಿ, ಆ ಕ್ಷಣಕ್ಕಷ್ಟೇ ಒಂದು ಗುಟುಕು ಕೊಡುತ್ತದೆ. ಬಾಯಿ ತೆರೆದು ಮಲಗಿದರೆ ಅದಕ್ಕೆ ಉಸಿರು ತಿಳಿಯದೇ ಹೋಗಬಹುದು. ಪಕ್ಕದಲ್ಲಿದ್ದವರು ನಿಗಾ ಇಡಬೇಕು.

ನೆಲದ ಮೇಲೆ ಆಕ್ಸಿಜನ್ ಬೇಡದವರಿಗೂ ವಿಮಾನದಲ್ಲಿ ಬೇಕಾಗಬಹುದು. ಒಳಗಿನ ಒತ್ತಡ 8,000 ಅಡಿ ಎತ್ತರದ ಬೆಟ್ಟದಲ್ಲಿರುವಷ್ಟಕ್ಕೆ ಇಳಿಯಬಹುದು. ಅಂದರೆ ಸಮುದ್ರಮಟ್ಟದಲ್ಲಿ ಶೇ. 15ರಷ್ಟೇ ಆಮ್ಲಜನಕವಿರುವ ಗಾಳಿ ಕುಡಿದಂತೆ. ಗಟ್ಟಿಮುಟ್ಟಾದವರು ತಡೆಯುತ್ತಾರೆ, ಕಲ್ಲುಧೂಳು ತಿಂದ ಶ್ವಾಸಕೋಶ ತಡೆಯದು. ದೊಡ್ಡ ಆಸ್ಪತ್ರೆಗಳಲ್ಲಿ ಅಂಥದೇ ಗಾಳಿಯನ್ನು ಸುಮಾರು 20 ನಿಮಿಷ ಉಸಿರಾಡಿಸಿ, ರಕ್ತದ ಆಮ್ಲಜನಕ ಎಷ್ಟು ಇಳಿಯುತ್ತದೆಂದು ಮೊದಲೇ ನೋಡುವುದುಂಟು.

ನಿಯಮದ ತೊಡಕೆಲ್ಲ ಬ್ಯಾಟರಿಯದು. ಅದರ ಮೈಮೇಲಿನ ವೋಲ್ಟನ್ನು ಆಂಪಿಯರ್-ಗಂಟೆಯಿಂದ ಗುಣಿಸಿದರೆ ವ್ಯಾಟ್-ಗಂಟೆ: 14.4 ವೋಲ್ಟ್, 6.4 ಆಂಪಿಯರ್-ಗಂಟೆ ಇದ್ದರೆ ಸುಮಾರು 92. ನೂರರೊಳಗಿದ್ದರೆ ತಕರಾರಿಲ್ಲ; 100ರಿಂದ 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಹೆಚ್ಚುವರಿ ಬ್ಯಾಟರಿ ಕೈಚೀಲದಲ್ಲೇ ಇರಬೇಕು, ಏಕೆಂದರೆ ಈ ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಸರಕು ಕೋಣೆಯಲ್ಲಿ ಆರಿಸುವವರಿಲ್ಲ. ಪ್ರಯಾಣದ ಒಂದೂವರೆ ಪಟ್ಟು ಹೊತ್ತು ಬರುವಷ್ಟು ಬ್ಯಾಟರಿ ಕೇಳುವವರೂ ಇದ್ದಾರೆ. ಒಂದು ತಾಸಿನ ಹಾರಾಟಕ್ಕೆ ಇದು ಅತಿಯೆನಿಸೀತು, ಆದರೆ ವಿಮಾನ ತಡವಾದ ದಿನ ಅದರ ಬೆಲೆ ಗೊತ್ತಾಗುತ್ತದೆ.

ಇನ್ಸುಲಿನ್, ಇನ್‌ಹೇಲರ್, ಮಾತ್ರೆಗಳೂ ಚೀಟಿಯ ಸಮೇತ ಕೈಚೀಲದಲ್ಲೇ ಇರಲಿ. ಸರಕು ಕೋಣೆಯ ಚಳಿಗೆ ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು.

ವಿಮಾನ ಸಂಸ್ಥೆಯ ವೈದ್ಯಕೀಯ ಫಾರಂ ಅನ್ನು ನಿಮ್ಮ ವೈದ್ಯರೇ ತುಂಬಿ ಸಹಿ ಮಾಡಬೇಕು. ಆದ್ದರಿಂದ ಟಿಕೆಟ್ ತೆಗೆಸುವ ಮೊದಲೇ ಅವರನ್ನು ಕಾಣಿರಿ.