ಮಠದ ಕಿರ್ದಿಯೂ ದೇಶದ ಲೆಕ್ಕವೂ

ಬಾಲ್ಯದಲ್ಲಿ ನಾನು ವಿದ್ಯಾರ್ಥಿಯಾಗಿದ್ದ ಮಠದಲ್ಲಿ ಪ್ರತಿದಿನ ಸಂಜೆ ದೀಪ ಹಚ್ಚಿದ ಮೇಲೆ ಒಂದು ಕಾರ್ಯ ತಪ್ಪದೆ ನಡೆಯುತ್ತಿತ್ತು. ಆ ದಿನ ದಾಸೋಹದಲ್ಲಿ ಎಷ್ಟು ಮಂದಿ ಪ್ರಸಾದ ಸ್ವೀಕರಿಸಿದರು, ಉಗ್ರಾಣದಿಂದ ಎಷ್ಟು ಸೇರು ಅಕ್ಕಿ ಹೊರಬಿದ್ದಿತು, ಯಾವ ಊರಿನ ಭಕ್ತರಿಂದ ಎಷ್ಟು ಚೀಲ ಜೋಳ ಬಂದಿತು ಎಂಬುದನ್ನು ಲೆಕ್ಕ ಬರೆಯುವ ಹಿರಿಯರೊಬ್ಬರು ಕಿರ್ದಿ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಹುಡುಗುತನದ ಕುತೂಹಲದಿಂದ ನಾನೊಮ್ಮೆ ಅವರನ್ನು ಕೇಳಿದೆ: "ಅಜ್ಜಾರೇ, ದಿನಾ ಇದನ್ನ ಬರೆದು ಏನು ಉಪಯೋಗ?"

ಅವರು ಲೇಖನಿಯನ್ನು ಕೆಳಗಿಟ್ಟು ನುಡಿದರು: "ತಮ್ಮಾ, ಒಂದು ದಿನದ್ದು ಬರೆದರೆ ಅದು ಬರೇ ಅಂಕಿ. ಹತ್ತು ವರ್ಷದ್ದು ಬರೆದರೆ ಮಳೆ, ಬೆಳೆ, ಭಕ್ತರ ಮನೆ ಪರಿಸ್ಥಿತಿ ಎಲ್ಲಾ ಅದೇ ಹೇಳ್ತೈತಿ."

ಆ ಮಾತಿನ ಅರ್ಥ ನನಗೆ ತಿಳಿದದ್ದು ಬಹಳ ವರ್ಷಗಳ ನಂತರ. ಸುಗ್ಗಿಯಾದ ತಿಂಗಳಲ್ಲಿ ಹಿಂದಿನ ವರ್ಷಕ್ಕಿಂತ ಜೋಳದ ಚೀಲಗಳು ಕಡಿಮೆ ಬಂದು ಪಂಕ್ತಿಯಲ್ಲಿ ಕುಳಿತವರ ಸಂಖ್ಯೆ ಹೆಚ್ಚಿತೆಂದರೆ, ಬರಗಾಲದ ಘೋಷಣೆ ಹೊರಡುವ ಮೊದಲೇ ಆ ಹಿರಿಯರಿಗೆ ಊರ ಕಷ್ಟ ತಿಳಿಯುತ್ತಿತ್ತು. ಒಂದು ದೇಶದ ಆರ್ಥಿಕ ಸ್ಥಿತಿಯನ್ನು ಅರಿಯುವ ವಿದ್ಯೆಯ ಬೀಜವೂ ಇದೇ. ಒಂದೇ ವಸ್ತುವನ್ನು, ಒಂದೇ ಅಳತೆಯಿಂದ, ತಪ್ಪದೆ ಎಣಿಸುವುದು. ಎಣಿಸಿದ್ದನ್ನು ಹಿಂದಿನದರೊಡನೆ ಹೋಲಿಸುವುದು. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ನಾವು ಈ ವಿದ್ಯೆಯನ್ನು ಅಲಕ್ಷಿಸಿದುದಕ್ಕೆ ತೆತ್ತ ಬೆಲೆ ಅಲ್ಪವಲ್ಲ. ಆದುದರಿಂದಲೇ ಈ ಬರಹ.

ಹೆಬ್ಬಾಗಿಲ ಸುಂಕದಿಂದ ಸೂಚ್ಯಂಕದವರೆಗೆ

ಎಣಿಸುವುದು ನಮ್ಮ ಪ್ರಾಂತಕ್ಕೆ ಹೊಸದೇನಲ್ಲ. ಕ್ರಿ.ಶ. 1535ರ ಸುಮಾರಿಗೆ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್, ನಗರದ ಒಂದು ಹೆಬ್ಬಾಗಿಲಿನ ಸುಂಕವನ್ನು ವರ್ಷಕ್ಕೆ 12,000 ವರಹಗಳಿಗೆ ಗುತ್ತಿಗೆ ನೀಡಲಾಗುತ್ತಿತ್ತೆಂದು ತನ್ನ ವೃತ್ತಾಂತದಲ್ಲಿ ದಾಖಲಿಸಿದ್ದಾನೆ. ಅಷ್ಟು ಹಣ ಕಟ್ಟಲು ಒಪ್ಪಿದ ಗುತ್ತಿಗೆದಾರನಿಗೆ ಆ ಬಾಗಿಲಲ್ಲಿ ಎಷ್ಟು ಹೇರೆತ್ತುಗಳು ಹಾದುಹೋಗುತ್ತವೆಂಬ ಅರಿವು ಇದ್ದೇ ಇರಬೇಕು. ಆದರೆ ಆ ಅರಿವು ಅವನ ಸೊತ್ತಾಗಿತ್ತು. ಊರಿನ ನೇಕಾರನಿಗಾಗಲಿ ಒಕ್ಕಲಿಗನಿಗಾಗಲಿ ಅದು ದೊರೆಯುತ್ತಿರಲಿಲ್ಲ. ಎಣಿಕೆಯನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಪ್ರಕಟಿಸುವುದು ನಮ್ಮ ಕಾಲದ ದೊಡ್ಡ ಬದಲಾವಣೆ.

ಸ್ವಾತಂತ್ರ್ಯ ಬಂದಾಗ ಈ ದೇಶದ ಒಟ್ಟು ಆದಾಯವೆಷ್ಟೆಂಬುದಕ್ಕೆ ಸರ್ಕಾರದ ಬಳಿ ಕ್ರಮಬದ್ಧವಾದ ಉತ್ತರವಿರಲಿಲ್ಲ. ವಿ.ಕೆ.ಆರ್.ವಿ. ರಾವ್ ಅವರಂತಹ ಅರ್ಥಶಾಸ್ತ್ರಜ್ಞರು ಬ್ರಿಟಿಷರ ಕಾಲದಲ್ಲಿಯೇ ರಾಷ್ಟ್ರೀಯ ಆದಾಯವನ್ನು ಅಂದಾಜು ಮಾಡಿದ್ದರು. ಮುಂದೆ 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದವರೂ ಇವರೇ. 1949ರಲ್ಲಿ ಪಿ.ಸಿ. ಮಹಲನೋಬಿಸ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ರಾಷ್ಟ್ರೀಯ ಆದಾಯ ಸಮಿತಿಯಲ್ಲಿ ಡಿ.ಆರ್. ಗಾಡ್ಗೀಳರೊಂದಿಗೆ ರಾವ್ ಅವರೂ ಸದಸ್ಯರಾಗಿದ್ದರು. 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯೂ ಮರುವರ್ಷ ಕೇಂದ್ರ ಸಾಂಖ್ಯಿಕ ಸಂಸ್ಥೆಯೂ ಆರಂಭವಾದವು. ಕೋಟ್ಯಂತರ ಮನೆಗಳನ್ನು ಒಂದೊಂದಾಗಿ ಎಣಿಸದೆ, ಸರಿಯಾಗಿ ಆರಿಸಿದ ಕೆಲವು ಸಾವಿರ ಮನೆಗಳಿಂದ ದೇಶದ ಸ್ಥಿತಿಯನ್ನು ಅಂದಾಜು ಮಾಡುವ ಕ್ರಮ ನೆಲೆಗೊಂಡಿತು. ಅನ್ನ ಬೆಂದಿದೆಯೇ ಎಂದು ನೋಡಲು ತಾಯಂದಿರು ಪಾತ್ರೆಯ ಒಂದೆರಡು ಅಗುಳನ್ನು ಹಿಚುಕುವುದಿಲ್ಲವೇ? ಆದರೆ ಅಗುಳನ್ನು ಚೆನ್ನಾಗಿ ತಿರುವಿದ ಪಾತ್ರೆಯಿಂದ ತೆಗೆಯಬೇಕು. ತಳದಿಂದ ಮಾತ್ರ ತೆಗೆದರೆ ಸತ್ಯ ತಿಳಿಯದು.

ದೇಶದ ಒಟ್ಟು ಉತ್ಪನ್ನದ ಲೆಕ್ಕ ಮೂರು ತಿಂಗಳಿಗೊಮ್ಮೆ, ಅದೂ ಆ ಅವಧಿ ಮುಗಿದು ಸುಮಾರು ಎರಡು ತಿಂಗಳ ನಂತರ ಹೊರಬರುತ್ತದೆ. ಅಷ್ಟು ಕಾಲ ಕಾಯಲಾಗದವರಿಗಾಗಿ ಪ್ರತಿ ತಿಂಗಳೂ ಪ್ರಕಟವಾಗುವ ಅಂಕಿಗಳಿವೆ. ಕೈಗಾರಿಕಾ ಉತ್ಪಾದನಾ ಸೂಚ್ಯಂಕವು ಅವುಗಳಲ್ಲಿ ಹಳೆಯದು. 2011-12ನ್ನು ಆಧಾರ ವರ್ಷವಾಗಿಟ್ಟುಕೊಂಡು 2017ರಲ್ಲಿ ಪ್ರಕಟವಾದ ಸರಣಿಯಲ್ಲಿ ತಯಾರಿಕೆಗೆ ಶೇ. 77.63, ಗಣಿಗಾರಿಕೆಗೆ ಶೇ. 14.37, ವಿದ್ಯುತ್ತಿಗೆ ಶೇ. 7.99 ತೂಕವನ್ನು ನೀಡಲಾಗಿತ್ತು. ಕಲ್ಲಿದ್ದಲು, ಉಕ್ಕು, ಸಿಮೆಂಟು, ವಿದ್ಯುತ್ತು ಮೊದಲಾದ ಎಂಟು ಮೂಲ ಕೈಗಾರಿಕೆಗಳ ಸೂಚ್ಯಂಕವು ಇನ್ನೊಂದು. ಕಾರ್ಖಾನೆಗಳ ಖರೀದಿ ಅಧಿಕಾರಿಗಳನ್ನು 'ಕಳೆದ ತಿಂಗಳಿಗಿಂತ ಬೇಡಿಕೆ ಹೆಚ್ಚಿತೇ, ತಗ್ಗಿತೇ?' ಎಂದು ಕೇಳಿ ಸಿದ್ಧಪಡಿಸುವ ಸೂಚ್ಯಂಕ ಮೂರನೆಯದು. ಅದು 50ಕ್ಕಿಂತ ಮೇಲಿದ್ದರೆ ವ್ಯವಹಾರ ಬೆಳೆಯುತ್ತಿದೆಯೆಂದೂ ಕೆಳಗಿದ್ದರೆ ಕುಗ್ಗುತ್ತಿದೆಯೆಂದೂ ಅರ್ಥ. 2020ರ ಏಪ್ರಿಲ್‌ನಲ್ಲಿ ತಯಾರಿಕೆಯ ಈ ಅಂಕಿ 27.4ಕ್ಕೆ ಇಳಿದಿತ್ತು. ಸರಕು ಮತ್ತು ಸೇವಾ ತೆರಿಗೆಯ ಮಾಸಿಕ ಸಂಗ್ರಹ 2017ರ ಜುಲೈಯಿಂದ ಈಚೆಗೆ ಸೇರಿದ ನಾಲ್ಕನೆಯ ಕನ್ನಡಿ.

ಅಣೆಕಟ್ಟೆಯ ಅಂಕಿ ಕಲಿಸುವ ಪಾಠ

ಅಂಕಿಯನ್ನು ಓದುವುದು ಹೇಗೆಂಬುದನ್ನು ಕಲಿಯಲು ನಾವು ದೆಹಲಿಗೆ ಹೋಗಬೇಕಾಗಿಲ್ಲ. ಕಂಪ್ಲಿಯ ರೈತ ಮುಂಗಾರಿನಲ್ಲಿ ಬೆಳಗ್ಗೆ ಎದ್ದೊಡನೆ ವಿಚಾರಿಸುವುದು ತುಂಗಭದ್ರಾ ಜಲಾಶಯದ ಮಟ್ಟವನ್ನು. ಪೂರ್ಣ ಮಟ್ಟ 1633 ಅಡಿ. ಇಂದಿನ ಮಟ್ಟವೆಷ್ಟು, ಒಳಹರಿವೆಷ್ಟು, ಹೊರಹರಿವೆಷ್ಟು, ಕಳೆದ ವರ್ಷ ಇದೇ ದಿನ ಎಷ್ಟಿತ್ತು? ಜೂನ್ ತಿಂಗಳ ನೀರನ್ನು ಅಕ್ಟೋಬರ್ ತಿಂಗಳ ನೀರಿನೊಡನೆ ಯಾವ ರೈತನೂ ಹೋಲಿಸುವುದಿಲ್ಲ. ವ್ಯಾಪಾರದ ಅಂಕಿಗೂ ಇದೇ ನಿಯಮ. ದೀಪಾವಳಿಯ ತಿಂಗಳ ಮಾರಾಟವನ್ನು ಆಷಾಢದ ಮಾರಾಟದೊಡನೆ ಹೋಲಿಸಿ ಹಿಗ್ಗುವುದು ಅವಿವೇಕ.

ಇದೇ ಜಲಾಶಯ ಮತ್ತೊಂದು ಪಾಠವನ್ನೂ ಹೇಳುತ್ತದೆ. ಕಟ್ಟಿದಾಗ ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದ ಜಲಾಶಯದ ಸಾಮರ್ಥ್ಯ ಹೂಳು ತುಂಬಿ 105.788 ಟಿ.ಎಂ.ಸಿ.ಗೆ ಇಳಿದಿದೆ. ಮಟ್ಟವು 1633 ಅಡಿಗೆ ಮುಟ್ಟಿ 'ತುಂಬಿದೆ' ಎಂದು ಸಂಭ್ರಮಿಸಿದಾಗಲೂ ಒಳಗಿರುವ ನೀರು ಹಿಂದಿನಷ್ಟಲ್ಲ. ಅಳತೆಗೋಲು ಅದೇ ಇದ್ದರೂ ಅಳೆಯುವ ಪಾತ್ರೆ ಬದಲಾಗಿರಬಹುದು. ಆದುದರಿಂದಲೇ ಸಾಂಖ್ಯಿಕರು ಕೆಲವು ವರ್ಷಗಳಿಗೊಮ್ಮೆ ಆಧಾರ ವರ್ಷವನ್ನು ಬದಲಿಸುತ್ತಾರೆ, ತೂಕಗಳನ್ನು ಹೊಸದಾಗಿ ನಿರ್ಧರಿಸುತ್ತಾರೆ.

ಹೋಲಿಕೆಗೆ ಆರಿಸಿಕೊಂಡ ವರ್ಷವೇ ಅಸಹಜವಾಗಿದ್ದರೆ? 2019ರ ಏಪ್ರಿಲ್‌ನಲ್ಲಿ ದೇಶದ ಕೈಗಾರಿಕಾ ಸೂಚ್ಯಂಕ 126.5 ಇತ್ತು. ಕೊರೋನಾ ಕಾಲದ ದಿಗ್ಬಂಧನದಿಂದ 2020ರ ಏಪ್ರಿಲ್‌ನಲ್ಲಿ 54ಕ್ಕೆ ಕುಸಿಯಿತು. 2021ರ ಏಪ್ರಿಲ್‌ನಲ್ಲಿ 126.6 ಎಂದು ಮೊದಲ ಅಂದಾಜು ಹೊರಬಂದಿತು. ಒಂದೇ ವರ್ಷದಲ್ಲಿ ಶೇ. 134ರಷ್ಟು ಏರಿಕೆಯೆಂದು ಹೇಳಿದರೆ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಎರಡು ವರ್ಷ ನಡೆದೂ ದೇಶ ಹೊರಟ ಜಾಗದಲ್ಲಿಯೇ ನಿಂತಿತ್ತೆಂಬುದು ಅದರ ನಿಜವಾದ ಅರ್ಥ. ಶೇಕಡಾ ಲೆಕ್ಕವನ್ನು ಕೇಳಿದಾಗ ಯಾವುದರ ಮೇಲೆ ಶೇಕಡಾ ಎಂದು ಮರುಪ್ರಶ್ನೆ ಕೇಳುವುದು ವಿವೇಕಿಯ ಲಕ್ಷಣ.

ಹಂಪಿಯಲ್ಲಿ ಮೂರನೆಯ ಪಾಠವಿದೆ. ವಿಜಯ ವಿಠ್ಠಲ ದೇವಾಲಯ ಮತ್ತು ಕಮಲ ಮಹಲುಗಳ ಟಿಕೆಟ್ ಲೆಕ್ಕದಿಂದ ಪ್ರವಾಸಿಗರ ಏರಿಳಿತ ತಿಳಿಯುತ್ತದೆ. ಹೊಸಪೇಟೆಯ ವಸತಿಗೃಹಗಳ, ಆಟೋ ಚಾಲಕರ ಗಳಿಕೆಯನ್ನೂ ಅದರಿಂದ ಊಹಿಸಬಹುದು. ಆದರೆ ವಿರೂಪಾಕ್ಷನ ದರ್ಶನ ಮಾಡಿ, ಹೊಳೆಯಲ್ಲಿ ಮಿಂದು, ಬುತ್ತಿ ಬಿಚ್ಚಿ ಉಂಡು ಹಿಂದಿರುಗುವ ಯಾತ್ರಿಕ ಆ ಲೆಕ್ಕದಲ್ಲಿ ಬರುವುದಿಲ್ಲ. ಅಂತೆಯೇ ಕಂಪ್ಲಿಯ ಭತ್ತದ ಗದ್ದೆಯ ಕೂಲಿಕಾರಳ ದಿನದ ದುಡಿಮೆಗೆ ಖರೀದಿ ಅಧಿಕಾರಿಗಳ ಸೂಚ್ಯಂಕದಲ್ಲಿ ಸ್ಥಳವಿಲ್ಲ. ಪ್ರತಿ ಅಂಕಿಯೂ ಯಾರನ್ನು ಎಣಿಸಿದೆ, ಯಾರನ್ನು ಬಿಟ್ಟಿದೆ ಎಂಬುದನ್ನು ಅರಿತ ಮೇಲೆಯೇ ಅದನ್ನು ನಂಬಬೇಕು.

ಅದಿರಿನ ಲೆಕ್ಕ, ಮನೆಯ ಲೆಕ್ಕ

ಈಗ ನೋವಿನ ಅಧ್ಯಾಯಕ್ಕೆ ಬರೋಣ. ಈ ಶತಮಾನದ ಆರಂಭದಲ್ಲಿ ಚೀನಾ ದೇಶದ ಉಕ್ಕಿನ ಹಸಿವಿನಿಂದ ಸಂಡೂರು ಸೀಮೆಯ ಕೆಂಪು ಮಣ್ಣಿಗೆ ಚಿನ್ನದ ಬೆಲೆ ಬಂದಿತು. ಅಂದಿನ 63ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಅಂಕೋಲಾ ಕಡೆಗೆ ಲಾರಿಗಳ ಸಾಲು ಕಡಿಯುತ್ತಿರಲಿಲ್ಲ. 2009-10ರಲ್ಲಿ ದೇಶದ ಕಬ್ಬಿಣದ ಅದಿರಿನ ಉತ್ಪಾದನೆ ಸುಮಾರು 21.8 ಕೋಟಿ ಟನ್. ಅದರಲ್ಲಿ ಅರ್ಧಕ್ಕೂ ಮಿಗಿಲಾಗಿ, ಅಂದರೆ ಸುಮಾರು 11.7 ಕೋಟಿ ಟನ್, ಹೊರದೇಶಕ್ಕೆ ಹೋಯಿತು. 2012-13ರಲ್ಲಿ ಉತ್ಪಾದನೆ 13.6 ಕೋಟಿಗೂ ರಫ್ತು 1.8 ಕೋಟಿಗೂ ಇಳಿದವು. ಈ ನಾಲ್ಕು ಅಂಕಿಗಳ ನಡುವೆ ನಮ್ಮ ಭಾಗದ ಎಷ್ಟೋ ಮನೆಗಳ ಕಥೆಯಿದೆ.

ನನಗೆ ಪರಿಚಿತವಾದ ಒಂದು ಮನೆತನ ಕಂಪ್ಲಿಯ ಹತ್ತಿರದ್ದು. ಕಾಲುವೆ ನೀರಿನ ನಾಲ್ಕು ಎಕರೆ ಗದ್ದೆಯನ್ನು ಮಾರಿ, ಮೇಲೆ ಸಾಲ ಮಾಡಿ, 2008ರ ಆರಂಭದಲ್ಲಿ ಹಿರಿಯ ಮಗ ಎರಡು ಲಾರಿ ಕೊಂಡ. ಆ ಮನೆಯ ತಾಯಿ ಹೆಚ್ಚು ಓದಿದವರಲ್ಲ. ಆದರೆ ಮಗ ಪ್ರತಿ ಬಾರಿ ಅದಿರು ಇಳಿಸಿ ಬಂದ ದಿನ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಒಂದು ಗೀಟು ಎಳೆಯುತ್ತಿದ್ದರು. ಆ ವರ್ಷದ ಕೊನೆಯಲ್ಲಿ ಜಗತ್ತಿನ ಆರ್ಥಿಕ ಕುಸಿತದಿಂದ ಅದಿರಿನ ಬೆಲೆ ಬಿದ್ದಾಗ ಗೀಟುಗಳು ವಿರಳವಾದವು. "ಯಾಕಪ್ಪಾ, ಈ ತಿಂಗಳು ಗೀಟು ಕಡಿಮೆ ಬಿದ್ದಾವಲ್ಲ?" ಎಂದು ಅವರು ಕೇಳಿದರೆ, "ಅವ್ವಾ, ಮುಂದಿನ ತಿಂಗಳು ಸರಿಹೋಗ್ತದೆ ಬಿಡು" ಎಂಬ ಉತ್ತರ. ಬೆಲೆ ಪುನಃ ಚೇತರಿಸಿದಾಗ ಆತ ಮೂರನೆಯ ಲಾರಿಗೂ ಸಾಲ ಮಾಡಿದ.

2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ಪರವಾನಗಿ ನೀಡುವುದನ್ನು ನಿಲ್ಲಿಸಿತು. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ತಡೆಹಿಡಿಯಿತು. ಮೂರು ಲಾರಿಗಳೂ ಮನೆಯ ಮುಂದೆ ನಿಂತವು. ಕ್ಯಾಲೆಂಡರಿನ ಹಾಳೆಗಳು ಬರಿದಾದವು. ಒಂದೊಂದಾಗಿ ಲಾರಿಗಳನ್ನು ಸಾಲಗಾರರು ಒಯ್ದರು. ಗದ್ದೆ ಮರಳಿ ಬರಲಿಲ್ಲ. ಆ ತಾಯಿಯ ಕ್ಯಾಲೆಂಡರನ್ನು ನಾನು ನಂತರ ನೋಡಿದ್ದೇನೆ. ಮೂರು ವರ್ಷಗಳ ಏರಿಳಿತವೆಲ್ಲ ಅಲ್ಲಿ ಸ್ಪಷ್ಟವಾಗಿತ್ತು. ಅದನ್ನು ಓದುವ ವ್ಯವಧಾನ ಮಾತ್ರ ಯಾರಿಗೂ ಇರಲಿಲ್ಲ.

ಅಂಕಿಗಳು ಸುಳ್ಳಾದರೆ

ಇಲ್ಲಿ ಓದುಗ ಬಂಧುಗಳು ಕೇಳಬಹುದು: ಸರ್ಕಾರದ ಅಂಕಿಗಳೇ ಸುಳ್ಳಾಗಿದ್ದರೆ ಓದಿ ಏನು ಫಲ? ಈ ಪ್ರಶ್ನೆ ಸಾಧುವಾದದ್ದೇ. ಉತ್ತರವೂ ನಮ್ಮ ಸೀಮೆಯಲ್ಲಿಯೇ ದೊರೆತಿದೆ. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2011ರ ಜುಲೈಯಲ್ಲಿ ಸಲ್ಲಿಸಿದ ವರದಿಯು ಅಕ್ರಮ ಗಣಿಗಾರಿಕೆಯಿಂದ ಬೊಕ್ಕಸಕ್ಕೆ ಆದ ನಷ್ಟವನ್ನು ಸುಮಾರು 16,085 ಕೋಟಿ ರೂಪಾಯಿಗಳೆಂದು ಅಂದಾಜಿಸಿತು. ಅದರ ತನಿಖೆಯ ಮೂಲ ವಿಧಾನ ನಮ್ಮ ಮಠದ ಲೆಕ್ಕದವರಿಗೂ ತಿಳಿದಿದ್ದದ್ದೇ: ಒಂದು ಪುಸ್ತಕವನ್ನು ಇನ್ನೊಂದು ಪುಸ್ತಕದೊಡನೆ ತಾಳೆ ನೋಡುವುದು. ಗಣಿಯಿಂದ ಸಾಗಿಸಲು ಪರವಾನಗಿ ಪಡೆದ ಟನ್ನುಗಳೆಷ್ಟು, ಬಂದರಿನಿಂದ ಹಡಗೇರಿದ ಟನ್ನುಗಳೆಷ್ಟು? ಎರಡರ ನಡುವಿನ ಅಂತರವೇ ಕಳ್ಳತನದ ಗಾತ್ರ. ಸುಳ್ಳು ಬರೆಯುವವನು ಒಂದು ಪುಸ್ತಕವನ್ನು ತಿದ್ದಬಲ್ಲ. ಹತ್ತು ಕಡೆ ಹತ್ತು ಕೈಗಳು ಬರೆದ ಪುಸ್ತಕಗಳನ್ನೆಲ್ಲ ತಿದ್ದುವುದು ಸುಲಭವಲ್ಲ. ಆದುದರಿಂದ ಒಂದೇ ಅಂಕಿಯನ್ನು ನೆಚ್ಚದೆ ತೆರಿಗೆ, ವಿದ್ಯುತ್ತು, ರೈಲಿನ ಸರಕು, ಉಕ್ಕಿನ ಉತ್ಪಾದನೆ ಎಲ್ಲವೂ ಒಂದೇ ಮಾತನ್ನಾಡುತ್ತಿವೆಯೇ ಎಂದು ನೋಡಬೇಕು.

ನ್ಯಾಯಾಲಯವೂ ಮುಂದೆ ಅಳತೆಯ ಮಾರ್ಗವನ್ನೇ ಹಿಡಿಯಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಗಂಭೀರ ಉಲ್ಲಂಘನೆಯ ಗುತ್ತಿಗೆಗಳು ರದ್ದಾದವು. ಉಳಿದವು ಷರತ್ತಿನ ಮೇಲೆ ತೆರೆದವು. ವರ್ಷಕ್ಕೆ ಇಷ್ಟೇ ಟನ್ ಎಂಬ ಮಿತಿ ಬಂದಿತು. ಬಳ್ಳಾರಿಯ ಮಿತಿಯನ್ನು 2022ರ ಆಗಸ್ಟ್‌ನಲ್ಲಿ 2.8 ಕೋಟಿ ಟನ್ನಿನಿಂದ 3.5 ಕೋಟಿ ಟನ್ನಿಗೆ ಏರಿಸಲಾಯಿತು. ಈಗ ಮತ್ತೆ ಲಾರಿಗಳು ಓಡುತ್ತಿವೆ, ಮತ್ತೆ ಸಾಲಗಳು ದೊರೆಯುತ್ತಿವೆ. ಆದ ಕಾರಣ ಎಚ್ಚರಿಕೆಯ ಮಾತಿಗೆ ಇದೇ ಸಮಯ.

ನಮ್ಮ ಮನೆಗಳಲ್ಲಿ ಮಾಡಬಹುದಾದದ್ದು ಕಷ್ಟದ ಕೆಲಸವೇನಲ್ಲ. ಒಂದು ನೋಟು ಪುಸ್ತಕದಲ್ಲಿ ತಿಂಗಳ ಆದಾಯ, ವೆಚ್ಚ, ಸಾಲದ ಕಂತು ಬರೆಯಿರಿ. ಕಳೆದ ವರ್ಷದ ಅದೇ ತಿಂಗಳನ್ನು ಪಕ್ಕದಲ್ಲಿಡಿ. ನಿಮ್ಮ ಕಸುಬಿಗೆ ಸಂಬಂಧಿಸಿದ ಒಂದೆರಡು ಅಂಕಿಗಳನ್ನು ಪತ್ರಿಕೆಯಿಂದ ಆರಿಸಿ ಅದರ ಕೆಳಗೆ ದಾಖಲಿಸಿ: ರೈತನಾದರೆ ಜಲಾಶಯದ ಮಟ್ಟ ಮತ್ತು ಭತ್ತದ ಧಾರಣೆ, ಲಾರಿಯವನಾದರೆ ಅದಿರಿನ ಬೆಲೆ ಮತ್ತು ಉಕ್ಕಿನ ಉತ್ಪಾದನೆ. ಒಂದು ತಿಂಗಳ ಇಳಿಕೆಗೆ ಹೆದರಬೇಕಾಗಿಲ್ಲ. ಒಂದು ತಿಂಗಳ ಏರಿಕೆಗೆ ಹೊಲ ಮಾರಲೂಬಾರದು. ಸತತವಾಗಿ ಮೂರು ನಾಲ್ಕು ತಿಂಗಳು ಒಂದೇ ದಿಕ್ಕಿಗೆ ಸಾಗಿದರೆ ಮನೆಯವರೆಲ್ಲ ಕುಳಿತು ಮಾತನಾಡಿರಿ. ಆ ಮಾತುಕತೆಯಲ್ಲಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗೀಟು ಎಳೆಯುವ ತಾಯಿಯೂ ಇರಲಿ.

ಕಾಯಕಕ್ಕೆ ಶ್ರಮವೆಷ್ಟು ಅಗತ್ಯವೋ ಲೆಕ್ಕವೂ ಅಷ್ಟೇ ಅಗತ್ಯ. ಕಲ್ಯಾಣದಲ್ಲಿ ಬಸವಣ್ಣನವರು ನಿರ್ವಹಿಸಿದ್ದು ಭಂಡಾರದ ಹೊಣೆಯನ್ನು ಎಂಬುದನ್ನು ನೆನೆದರೆ ಸಾಕು, ಲೆಕ್ಕದ ಪುಸ್ತಕವನ್ನು ನಾವು ಕೀಳಾಗಿ ಕಾಣಲಾರೆವು. ಮಠದ ಆ ಹಿರಿಯರು ಈಗಿಲ್ಲ. ಅವರ ಕಿರ್ದಿಯ ಹಾಳೆಗಳು ಹಳದಿಗಟ್ಟಿವೆ. ಆದರೆ ಅವುಗಳನ್ನು ತೆರೆದಾಗಲೆಲ್ಲ ಒಳ್ಳೆಯ ವರ್ಷ ಯಾವುದು, ಕೆಟ್ಟ ವರ್ಷ ಯಾವುದು ಎಂಬುದು ಇಂದಿಗೂ ಸ್ಪಷ್ಟವಾಗಿ ಕಾಣುತ್ತದೆ.