ಬಡವಾದ ಹಿತ್ತಲ ಕೋಳಿ: ಪರೀಕ್ಷೆಯೂ ಪೋಷಣೆಯೂ

ಮನೆಯ ಎತ್ತು ಬಡವಾದರೆ ಅದರ ಪಕ್ಕೆಲುಬುಗಳು ದೂರದಿಂದಲೇ ಕಾಣುವುವು. ಯಜಮಾನನು ಆ ದಿನವೇ ಹಿಂಡಿ ಹುಲ್ಲುಗಳ ವಿಚಾರಮಾಡುವನು. ಕೋಳಿಯ ಸಂಗತಿ ಹಾಗಲ್ಲ. ಗರಿಗಳ ಹೊದಿಕೆಯು ಅದರ ಮೈಯ ಕೃಶತೆಯನ್ನು ಸಂಪೂರ್ಣವಾಗಿ ಮರೆಮಾಡುವುದರಿಂದ, ಹೇಂಟೆಯು ಮೊಟ್ಟೆ ನಿಲ್ಲಿಸಿದ ಮೇಲೆಯೋ ಗೂಡಿನ ಮೂಲೆಯಲ್ಲಿ ತೂಗಡಿಸಲಾರಂಭಿಸಿದ ಮೇಲೆಯೋ ಮಾತ್ರ ಅದು ಮನೆಯವರ ಗಮನಕ್ಕೆ ಬರುವುದು. ಆಗ ಒಂದು ಹಿಡಿ ಕಾಳನ್ನು ಹೆಚ್ಚಾಗಿ ಚೆಲ್ಲುವುದು ವಾಡಿಕೆ. ಆದರೆ ಈ ಕಾಳು ಅನೇಕ ವೇಳೆ ಕೋಳಿಗೆ ದಕ್ಕುವುದಿಲ್ಲ. ಹೊಟ್ಟೆಯೊಳಗಿನ ಹುಳುಗಳಿಗೋ ಪಕ್ಕದಲ್ಲಿರುವ ಬಲವಾದ ಹುಂಜಕ್ಕೋ ದಕ್ಕುವುದು. ಆದುದರಿಂದ ಮೊದಲು ಕಾರಣವನ್ನು ಕಂಡುಹಿಡಿದು, ಅದನ್ನು ನಿವಾರಿಸಿ, ಆ ಬಳಿಕ ಮೇವನ್ನು ಹೆಚ್ಚಿಸತಕ್ಕದ್ದು. ಈ ಕ್ರಮವು ತಪ್ಪಿದರೆ ಹಣವೂ ಕಾಳೂ ವ್ಯರ್ಥ.

ಹಿತ್ತಲ ಕೋಳಿಯ ಆದಾಯವು ಬಹುಮಟ್ಟಿಗೆ ಮನೆಯ ಹೆಂಗಸರದು. ಜಮೀನಿಲ್ಲದ ಕೂಲಿಯವರ ಮನೆಗಳಲ್ಲಿ ಸಂತೆಯ ದಿನ ಕೈಗೆ ಬರುವ ರೊಕ್ಕವು ಕೆಲವೊಮ್ಮೆ ಇದೊಂದೇ. ಆದಕಾರಣ ಇದು ಅಲ್ಪವಿಷಯವೆಂದು ಗ್ರಾಮದ ಮುಖಂಡರು ಉಪೇಕ್ಷಿಸಲಾಗದು.

ಕೈಯಿಂದ ಪರೀಕ್ಷಿಸುವ ಕ್ರಮ

ಕೋಳಿಗಳು ಗೂಡು ಸೇರಿದ ಮೇಲೆ, ಕತ್ತಲಲ್ಲಿ ಅವು ಗಾಬರಿಗೊಳ್ಳದಿರುವಾಗ, ಒಂದೊಂದನ್ನಾಗಿ ಎತ್ತಿಕೊಂಡು ಎದೆಯ ನಡುವಿನ ಮೂಳೆಯ ಮೇಲೆ ಬೆರಳಾಡಿಸಬೇಕು. ಆರೋಗ್ಯವುಳ್ಳ ಕೋಳಿಯಲ್ಲಿ ಈ ಮೂಳೆಯ ಎರಡು ಕಡೆಗೂ ಮಾಂಸವು ದುಂಡಗೆ ತುಂಬಿರುವುದು. ಬಡವಾದ ಕೋಳಿಯಲ್ಲಿ ಮೂಳೆಯು ಕತ್ತಿಯ ಅಂಚಿನಂತೆ ಬೆರಳಿಗೆ ಚುಚ್ಚುವುದು. ಅದರ ಇಕ್ಕೆಲಗಳು ಒಳಕ್ಕೆ ಕುಸಿದಿರುವುವು. ತಕ್ಕಡಿಯಿಲ್ಲದವರಿಗೂ ಈ ಪರೀಕ್ಷೆಯು ಸಾಧ್ಯ.

ತೂಕವನ್ನು ನೋಡುವಾಗ ತಳಿಯನ್ನು ಮರೆಯಬಾರದು. ನಾಟಿ ಹೇಂಟೆಯು ಸಾಮಾನ್ಯವಾಗಿ ಒಂದು ಕಿಲೋಗ್ರಾಮಿನಿಂದ ಒಂದೂವರೆ ಕಿಲೋಗ್ರಾಮಿನವರೆಗೆ ತೂಗುವುದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು 1989ರಲ್ಲಿ ಹೊರತಂದ ಗಿರಿರಾಜ ತಳಿಯು ಇದಕ್ಕಿಂತ ಬಹಳ ದಪ್ಪನಾದುದು. ಗಿರಿರಾಜದ ಪಕ್ಕದಲ್ಲಿ ನಾಟಿ ಹೇಂಟೆಯು ಸಣ್ಣದಾಗಿ ಕಂಡಮಾತ್ರಕ್ಕೆ ಅದನ್ನು ರೋಗಿಯೆಂದು ಭಾವಿಸುವುದು ಸರಿಯಲ್ಲ. ಕಾವಿಗೆ ಕುಳಿತ ಹೇಂಟೆಯು 21 ದಿನಗಳ ಕಾಲ ದಿನಕ್ಕೊಂದು ಬಾರಿ ಮಾತ್ರ ಗೂಡಿನಿಂದೇಳುವುದರಿಂದ ಸ್ವಾಭಾವಿಕವಾಗಿಯೇ ಇಳಿಯುವುದು. ಅದರ ಸಮೀಪದಲ್ಲಿಯೇ ಕಾಳನ್ನೂ ನೀರನ್ನೂ ಇಟ್ಟರೆ ಈ ಇಳಿತವು ಕಡಿಮೆಯಾಗುವುದು.

ಕಾರಣಗಳು

ಎದೆಮೂಳೆ ಚುಚ್ಚುವ ಕೋಳಿಯು ಸಿಕ್ಕಿದರೆ ಕೆಳಕಂಡ ನಾಲ್ಕು ಸಂಗತಿಗಳನ್ನು ವಿಚಾರಿಸಬೇಕು.

ಮೊದಲನೆಯದು, ಹೊಟ್ಟೆಯ ಹುಳು. ಬಿಳುಪೇರಿದ ಜುಟ್ಟು, ಜೋಲುಬಿದ್ದ ರೆಕ್ಕೆ, ತಿಂದರೂ ಇಳಿಯುತ್ತಿರುವ ಮೈ, ಇವು ಇದರ ಲಕ್ಷಣಗಳು. ದುಂಡುಹುಳುವಿನ ಮೊಟ್ಟೆಗಳು ಹಿಕ್ಕೆಯೊಡನೆ ನೆಲಕ್ಕೆ ಬಿದ್ದು, ತೇವವೂ ಬೆಚ್ಚನೆಯೂ ಆದ ಮಣ್ಣಿನಲ್ಲಿ ಎರಡು ವಾರಗಳೊಳಗಾಗಿ ಬಲಿತು, ಕಾಳು ಹೆಕ್ಕುವ ಬೇರೆ ಕೋಳಿಯ ಹೊಟ್ಟೆಯನ್ನು ಸೇರುವುವು. ಆದ್ದರಿಂದ ಒಂದು ಕೋಳಿಗೆ ಮಾತ್ರ ಔಷಧ ಹಾಕಿ, ಗೂಡಿನ ಹಿಕ್ಕೆಯನ್ನು ಹಾಗೆಯೇ ಬಿಡುವುದರಿಂದ ಫಲವಿಲ್ಲ. ಹಿಂಡಿಗೆಲ್ಲಾ ಏಕಕಾಲದಲ್ಲಿ ಜಂತುನಾಶಕವನ್ನು ಕೊಟ್ಟು, ಹಿಕ್ಕೆಯನ್ನು ಗುಡಿಸಿ ಗೊಬ್ಬರದ ಗುಂಡಿಗೆ ಸೇರಿಸಬೇಕು. ಪಿಪರಜಿನ್ ಎಂಬ ಔಷಧವು ದುಂಡುಹುಳುವನ್ನು ಬೀಳಿಸುವುದೇ ಹೊರತು ಲಾಡಿಹುಳುವನ್ನಲ್ಲ; ಆದಕಾರಣ ಔಷಧದ ಆಯ್ಕೆ, ಪ್ರಮಾಣ, ಆ ದಿನಗಳ ಮೊಟ್ಟೆಯನ್ನು ಎಷ್ಟು ಕಾಲ ಉಪಯೋಗಿಸಬಾರದೆಂಬುದು, ಇವನ್ನು ಪಶುವೈದ್ಯರಿಂದಲೇ ತಿಳಿಯತಕ್ಕದ್ದು.

ಎರಡನೆಯದು, ರಕ್ತಹೀರುವ ನುಸಿ. ಕೆಂಪು ನುಸಿಯು ಹಗಲೆಲ್ಲಾ ಗೂಡಿನ ಬಿರುಕುಗಳಲ್ಲಿಯೂ ಕೂರುಗೋಲಿನ ಸಂದುಗಳಲ್ಲಿಯೂ ಅಡಗಿದ್ದು ರಾತ್ರಿ ಮಾತ್ರ ಕೋಳಿಯ ಮೇಲೇರುವುದು. ಹಗಲು ಕೋಳಿಯನ್ನು ನೋಡಿ ಏನೂ ಇಲ್ಲವೆಂದು ಹೇಳುವವರು ಮೋಸಹೋಗುವುದು ಇಲ್ಲಿಯೇ. ರಾತ್ರಿ ದೀಪ ಹಿಡಿದು ಸಂದುಗಳನ್ನು ನೋಡಬೇಕು. ಹಳೆಯ ಹುಲ್ಲನ್ನು ಸುಟ್ಟು, ಬಿರುಕುಗಳನ್ನು ಮುಚ್ಚಿ, ಗೂಡಿಗೆ ಸುಣ್ಣ ಬಳಿಯಬೇಕು. ಬಿಸಿಲುಕಾಲದಲ್ಲಿ ಈ ನುಸಿಯ ಒಂದು ತಲೆಮಾರು ಸುಮಾರು ಒಂದು ವಾರದಲ್ಲಿ ಬೆಳೆಯುವುದರಿಂದ ವಾರ ಕಳೆದ ಮೇಲೆ ಅದೇ ಕೆಲಸವನ್ನು ಪುನಃ ಮಾಡತಕ್ಕದ್ದು. ಮೈಮೇಲೆಯೇ ವಾಸಿಸುವ ಹೇನಿಗಾದರೋ ರೆಕ್ಕೆಯ ಕೆಳಗೂ ಬಾಲದ ಬುಡದಲ್ಲಿಯೂ ಹಗಲೇ ಹುಡುಕಬಹುದು. ಕೋಳಿಗಳು ಹೊರಳಾಡಲು ಒಣಮಣ್ಣು ಮತ್ತು ಒಲೆಯ ಬೂದಿಯ ಒಂದು ತಗ್ಗನ್ನು ನೆರಳಿನಲ್ಲಿ ಏರ್ಪಡಿಸುವುದು ಒಳ್ಳೆಯದು.

ಮೂರನೆಯದು, ಹಿಂಡಿನೊಳಗಿನ ದೌರ್ಜನ್ಯ. ಕೋಳಿಗಳಲ್ಲಿ ಮೇಲುಕೀಳುಗಳ ಕ್ರಮವೊಂದುಂಟು. ಬಲವಾದುದು ಮೊದಲು ತಿನ್ನುವುದು, ಕೆಳಗಿನದು ಕುಕ್ಕಿಸಿಕೊಂಡು ಹಿಂದೆ ಸರಿಯುವುದು. ಹತ್ತು ಕೋಳಿಗಳಿಗೆ ಒಂದೇ ಕಡೆ ಕಾಳು ಸುರಿದರೆ ಹಸಿದ ಕೋಳಿ ಹಸಿದೇ ಉಳಿಯುವುದು. ಕಾಳನ್ನು ಎರಡು ಮೂರು ಕಡೆ ದೂರದೂರವಾಗಿ ಹಾಕಬೇಕು. ತೀರ ಬಡವಾದುದನ್ನು ಮಂಕರಿಯ ಕೆಳಗೆ ಬೇರೆಯಾಗಿ ತಿನ್ನಿಸಬೇಕು.

ನಾಲ್ಕನೆಯದು, ಅಡಗಿರುವ ವ್ಯಾಧಿ. ಬೆಳಿಗ್ಗೆ ಮೇವಿಗೆ ಮುಂಚೆ ಕತ್ತಿನ ಬುಡದ ಕಾಳುಚೀಲವನ್ನು ಮುಟ್ಟಿದರೆ ಅದು ಬರಿದಾಗಿರಬೇಕು. ಗಟ್ಟಿಯಾಗಿ ತುಂಬಿಕೊಂಡೇ ಇದ್ದರೆ ಮೇವು ಮುಂದಕ್ಕೆ ಹೋಗುತ್ತಿಲ್ಲವೆಂದರ್ಥ. ಮರಿಗಳಲ್ಲಿ ರಕ್ತಮಿಶ್ರಿತ ಭೇದಿಯು ಕಂಡರೆ ನೆಲದ ತೇವವೇ ಬಹುಪಾಲು ಕಾರಣ. ಹಸುರು ಭೇದಿ, ಏದುಸಿರು, ಕತ್ತು ತಿರುಚುವಿಕೆ ಕಂಡರೆ ರಾಣಿಕೇಟ್ ರೋಗವೆಂದು ಶಂಕಿಸಿ, ಆ ಕೋಳಿಯನ್ನು ಕೂಡಲೇ ಬೇರ್ಪಡಿಸಿ ಪಶುವೈದ್ಯರಿಗೆ ತಿಳಿಸಬೇಕು. ಇಂಥ ಕೋಳಿಯನ್ನು ಸಂತೆಗೆ ಒಯ್ಯುವುದು ರೋಗವನ್ನು ಹತ್ತು ಊರಿಗೆ ಹಂಚುವುದಕ್ಕೆ ಸಮಾನ. ಸತ್ತುದನ್ನು ಸುಣ್ಣ ಹಾಕಿ ಆಳವಾಗಿ ಹೂಳತಕ್ಕದ್ದು.

ಮೇವು

ಕಾರಣವು ನಿವಾರಣೆಯಾದ ಮೇಲೆ ಮೇವು ಮೈಗೆ ಹತ್ತುವುದು. ಹಿತ್ತಲ ಕೋಳಿಯು ಹಗಲು ತಿರುಗಾಡಿ ಹುಳುಹುಪ್ಪಟೆ, ಗರಿಕೆ, ಚೆಲ್ಲಿದ ಕಾಳುಗಳನ್ನು ಹೆಕ್ಕಿಕೊಳ್ಳುವುದು. ಅದಕ್ಕೆ ಕಡಿಮೆ ಬೀಳುವುದು ಬಹುತೇಕ ಸಸಾರಜನಕವೂ ಸುಣ್ಣದ ಅಂಶವೂ. ರಾಗಿಯೊಂದನ್ನೇ ಹಾಕುವವರು ಗಮನಿಸಬೇಕಾದುದೇನೆಂದರೆ, ರಾಗಿಯಲ್ಲಿ ಸಸಾರಜನಕವು ನೂರಕ್ಕೆ ಸುಮಾರು 7 ಭಾಗ ಮಾತ್ರ; ಮೊಟ್ಟೆಯಿಡುವ ಹೇಂಟೆಗೆ ಮೇವಿನಲ್ಲಿ ನೂರಕ್ಕೆ 16ರಿಂದ 18 ಭಾಗ ಬೇಕು. ಧಾನ್ಯಗಳಲ್ಲೆಲ್ಲಾ ಸುಣ್ಣಕ್ಕೆ ಹೆಸರಾದ ರಾಗಿಯೂ 50 ಗ್ರಾಮಿಗೆ 200 ಮಿಲಿಗ್ರಾಮಿಗಿಂತ ಕಡಿಮೆ ಸುಣ್ಣವನ್ನು ಕೊಡುವುದು. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಬೇಕು. ಈ ಕೊರತೆಯನ್ನು ಹೇಂಟೆಯು ತನ್ನ ಮೂಳೆಯಿಂದಲೇ ತುಂಬಿಕೊಡುವುದು.

ಮನೆಯಲ್ಲಿಯೇ ಮಾಡಬಹುದಾದ ಒಂದು ಮಿಶ್ರಣವು ಹೀಗಿದೆ: ನುಚ್ಚುಮಾಡಿದ ರಾಗಿ, ಜೋಳ ಅಥವಾ ಮುಸುಕಿನ ಜೋಳ 550 ಗ್ರಾಂ, ಅಕ್ಕಿಯ ತೌಡು ಅಥವಾ ಗೋಧಿ ಬೂಸ 200 ಗ್ರಾಂ, ಕಡಲೆಕಾಯಿ ಹಿಂಡಿ 150 ಗ್ರಾಂ, ಉಪ್ಪು ಹಾಕದ ಒಣಮೀನಿನ ಪುಡಿ 70 ಗ್ರಾಂ, ಕಪ್ಪೆಚಿಪ್ಪಿನ ಪುಡಿ 30 ಗ್ರಾಂ. ರಾಮನಗರ, ಶಿಡ್ಲಘಟ್ಟಗಳಂಥ ರೇಷ್ಮೆಯ ಸೀಮೆಯವರಿಗೆ ನೂಲು ಬಿಚ್ಚಿದ ಮೇಲೆ ಉಳಿಯುವ ಪ್ಯೂಪವು ಮೀನಿಗೆ ಬದಲಾಗಿ ಒದಗುವುದು. ಅದನ್ನು ಚೆನ್ನಾಗಿ ಒಣಗಿಸಿ ಮಿತವಾಗಿ ಹಾಕಬೇಕು, ಇಲ್ಲವಾದರೆ ಮಾಂಸಕ್ಕೂ ಮೊಟ್ಟೆಗೂ ವಾಸನೆ ಬರುವುದು. ಬೆಳೆಯುತ್ತಿರುವ ಮರಿಗಳ ಮೇವಿಗೆ ಚಿಪ್ಪಿನ ಪುಡಿಯನ್ನು ಸೇರಿಸಬಾರದು. ಹೆಚ್ಚಾದ ಸುಣ್ಣವು ಅವುಗಳ ಮೂತ್ರಪಿಂಡಕ್ಕೆ ಹಾನಿಕರ.

ತಿರುಗಾಡುವ ಕೋಳಿಯೊಂದಕ್ಕೆ ದಿನಕ್ಕೆ 50 ಗ್ರಾಂ ಹಾಕಿದರೆ ಈ ಒಂದು ಕಿಲೋಗ್ರಾಂ ಇಪ್ಪತ್ತು ದಿನಗಳಿಗೆ ಬರುವುದು. ಇದನ್ನು ಸಂಜೆ ಗೂಡು ಸೇರುವ ವೇಳೆಗೆ ಹಾಕುವುದು ಉತ್ತಮ. ತೀರ ನಿತ್ರಾಣವಾದ ಕೋಳಿಗೆ ಮೊದಲ ಕೆಲವು ದಿನ ಇದೇ ಮಿಶ್ರಣವನ್ನು ನೀರಿನಲ್ಲಿ ನೆನೆಸಿ, ದಿನಕ್ಕೆ ಮೂರು ನಾಲ್ಕು ಬಾರಿ ಸ್ವಲ್ಪಸ್ವಲ್ಪವಾಗಿ ಕೊಡಬೇಕು. ಉಳಿದುದನ್ನು ಹುಳಿಯಲು ಬಿಡಬಾರದು. ಶುದ್ಧವಾದ ನೀರು ಸದಾ ಇರಬೇಕು. ಹೆಚ್ಚಿದ ನುಗ್ಗೆ ಸೊಪ್ಪು ಮೊದಲಾದ ಹಸುರನ್ನು ಹಾಕುವುದರಿಂದ ಹಿತವುಂಟು.

ಬೂಷ್ಟು ಹಿಡಿದ ಹಿಂಡಿಯನ್ನು ಮನುಷ್ಯರಿಗೂ ದನಕ್ಕೂ ಆಗದೆಂದು ಕೋಳಿಗೆ ಎಸೆಯುವ ಪದ್ಧತಿಯನ್ನು ನಿಲ್ಲಿಸಬೇಕು. ಇಂಗ್ಲೆಂಡಿನಲ್ಲಿ 1960ರಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತುದಕ್ಕೆ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯೇ ಕಾರಣವೆಂದು ತಿಳಿದುಬಂದಿತು. ಆ ಬೂಷ್ಟಿನ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರು. ಅದು ಅಲ್ಪಪ್ರಮಾಣದಲ್ಲಿದ್ದರೂ ಪಿತ್ತಜನಕಾಂಗವನ್ನು ಕೆಡಿಸಿ ಕೋಳಿಯನ್ನು ಇಳಿಸುವುದು.

ಫಲವನ್ನು ಅಳೆಯುವುದು

ವಾರಕ್ಕೊಂದು ದಿನ, ಬೆಳಿಗ್ಗೆ ಮೇವಿಗೆ ಮುಂಚೆ, ಕೋಳಿಯನ್ನು ಬಟ್ಟೆಯ ಚೀಲದಲ್ಲಿಟ್ಟು ತೂಗುತಕ್ಕಡಿಗೆ ಸಿಕ್ಕಿಸಿ ತೂಕವನ್ನು ಬರೆದಿಡಬೇಕು. ಎದೆಮೂಳೆಯ ಪಕ್ಕಗಳು ತುಂಬಿಬಂದರೆ ಅದು ಸರಿಯಾದ ಪುಷ್ಟಿ. ಹೊಟ್ಟೆಯಲ್ಲಿ ಮಾತ್ರ ಕೊಬ್ಬು ಸೇರಿದರೆ ಹೇಂಟೆಯ ಮೊಟ್ಟೆ ಕಡಿಮೆಯಾಗುವುದು. ಎರಡು ವಾರಗಳಾದರೂ ತೂಕವೇರದಿದ್ದರೆ ಕಾರಣವು ಇನ್ನೂ ಒಳಗೇ ಇದೆಯೆಂದು ತಿಳಿದು, ಮೇವನ್ನು ಹೆಚ್ಚಿಸುವ ಬದಲು ಕೋಳಿಯನ್ನೂ ಅದರ ಹಿಕ್ಕೆಯನ್ನೂ ಪಶುಚಿಕಿತ್ಸಾಲಯಕ್ಕೆ ಒಯ್ಯಬೇಕು.

ಕಡೆಯದಾಗಿ ಗ್ರಾಮದ ಮುಖಂಡರಲ್ಲಿ ಒಂದು ಸೂಚನೆ. ಕೋಳಿಗಳು ಬೇಲಿಯನ್ನು ಅರಿಯವು. ದೊಡ್ಡಮನೆಯ ಹಿತ್ತಲಿನಲ್ಲಿ ಔಷಧ ಹಾಕಿ, ಪಕ್ಕದ ಗುಡಿಸಲಿನ ಕೋಳಿಯನ್ನು ಬಿಟ್ಟರೆ ಹುಳುವೂ ರೋಗವೂ ಮರಳಿ ಬರುವುವು. ಮಳೆಗಾಲಕ್ಕೆ ಮುಂಚೆ ಒಂದು ದಿನವನ್ನು ಗೊತ್ತುಮಾಡಿ ಊರಿನ ಎಲ್ಲ ಕೋಳಿಗಳಿಗೂ ಜಂತುನಾಶಕವನ್ನು ಕೊಡಿಸಿ, ಒಂದು ವಾರದ ತರುವಾಯ ರಾಣಿಕೇಟ್ ಲಸಿಕೆಯನ್ನು ಹಾಕಿಸಬೇಕು. ಹುಳುವಿನಿಂದ ಸೊರಗಿದ ಕೋಳಿಗೆ ಲಸಿಕೆಯು ಚೆನ್ನಾಗಿ ಹತ್ತುವುದಿಲ್ಲ. ಈ ಏರ್ಪಾಡಿಗೆ ತಗಲುವ ವೆಚ್ಚವು ಸ್ವಲ್ಪ. ಅದನ್ನು ಮಾಡದಿದ್ದರೆ ಆಗುವ ನಷ್ಟವು ಊರಿನ ಅತ್ಯಂತ ಬಡ ಮನೆಯ ಮೇಲೆಯೇ ಮೊದಲು ಬೀಳುವುದು.