ಕಿವಿಯೇ ಬಂಡವಾಳ

ಅಮೆರಿಕದ ವೈದ್ಯರು ಸಂಜೆ ರೋಗಿಗಳನ್ನು ನೋಡಿ ಮುಗಿಸಿ, ಫೋನಿನಲ್ಲಿ ಒಂದೇ ಉಸಿರಿಗೆ ವರದಿ ಹೇಳಿ ಮನೆಗೆ ಹೊರಡುತ್ತಾರೆ. ಆಗ ಬೆಂಗಳೂರಿನಲ್ಲಿ ಬೆಳಗಿನ ಜಾವ. ಇಲ್ಲಿ ಹೆಡ್‌ಫೋನ್ ಹಾಕಿ ಕುಳಿತವರು ಅದನ್ನು ಕೇಳಿ ಟೈಪ್ ಮಾಡಿ, ಅಲ್ಲಿ ಮರುದಿನದ ರೌಂಡ್ಸ್ ಶುರುವಾಗುವಷ್ಟರಲ್ಲಿ ಕಳಿಸಿರುತ್ತಾರೆ. ಇದೇ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್; ಮಾಡುವವರ ಬಾಯಲ್ಲಿ ಬರೀ ಎಂಟಿ. 1990ರ ದಶಕದಲ್ಲಿ ಹೆಲ್ತ್‌ಸ್ಕ್ರೈಬ್‌ನಂಥ ಕಂಪನಿಗಳು ಬೆಂಗಳೂರಿನಲ್ಲಿ ಇದಕ್ಕೆ ನೆಲೆ ಹಾಕಿದವು. ಬಿ.ಎಸ್‌ಸಿ. ಮುಗಿಸಿ ಮುಂದೇನು ಎಂದು ಕುಳಿತಿದ್ದ ಎಷ್ಟೋ ಮಂದಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಅದು ಮೊದಲ ಸಂಬಳ ತಂದ ಕೆಲಸ.

ಕಾಲ ಕೆಳಗೊಂದು ಪೆಡಲ್ ಇರುತ್ತದೆ. ಅದನ್ನು ಒತ್ತಿ ದನಿಯನ್ನು ನಿಲ್ಲಿಸಬಹುದು, ಹಿಂದಕ್ಕೆ ಓಡಿಸಬಹುದು; ಕೈ ಕೀಬೋರ್ಡ್ ಬಿಡಬೇಕಿಲ್ಲ. ಟೈಪಿಂಗ್ ಕೆಲವೇ ತಿಂಗಳಲ್ಲಿ ಕೈಗೆ ಬರುತ್ತದೆ. ಕಿವಿ ಪಳಗುವುದಕ್ಕೆ ವರ್ಷಗಳು ಬೇಕು. ಒಬ್ಬ ವೈದ್ಯರು ಗೊಣಗುತ್ತಾರೆ, ಇನ್ನೊಬ್ಬರದು ಬೇರೆ ದೇಶದ ಉಚ್ಚಾರ, ಮತ್ತೊಬ್ಬರ ಹಿಂದೆ ಯಂತ್ರಗಳ ಸದ್ದು. ಹೈಪರ್‌ಟೆನ್ಷನ್ ಅಂದರೋ ಹೈಪೊಟೆನ್ಷನ್ ಅಂದರೋ? ರಕ್ತದೊತ್ತಡ ಏರಿದ್ದಕ್ಕೂ ಇಳಿದದ್ದಕ್ಕೂ ನಡುವೆ ಇರುವುದು ಅರೆಕ್ಷಣದ ಸದ್ದು. ಔಷಧಗಳ ಹೆಸರೂ ಹೀಗೆಯೇ: ಸೆಲೆಬ್ರೆಕ್ಸ್ ಕೀಲುನೋವಿಗೆ, ಸೆಲೆಕ್ಸಾ ಖಿನ್ನತೆಗೆ, ಸೆರೆಬಿಕ್ಸ್ ಅಪಸ್ಮಾರಕ್ಕೆ. ರೋಗಿಯ ಕಾಯಿಲೆ, ಪರೀಕ್ಷೆಯ ಫಲಿತಾಂಶ, ಔಷಧದ ಪ್ರಮಾಣ ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಿಯೇ ಹೆಸರನ್ನು ಖಚಿತಪಡಿಸಿಕೊಳ್ಳಬೇಕು. ಆಗಲೂ ತಿಳಿಯದಿದ್ದರೆ ಊಹಿಸುವಂತಿಲ್ಲ. ಬ್ಲ್ಯಾಂಕ್ ಬಿಟ್ಟು, ಗುಣಮಟ್ಟ ಪರಿಶೀಲಿಸುವ ಕ್ಯೂಎ ವಿಭಾಗಕ್ಕೆ ಕಳಿಸಬೇಕು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ದಾಖಲಿಸುವ ಈ ನಿಯಮಕ್ಕಿಂತ ಪ್ರಾಮಾಣಿಕವಾದದ್ದು ಯಾವ ಕಚೇರಿಯಲ್ಲಿದೆ?

ಆ ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅಲಬಾಮಾದ ಮೊಕದ್ದಮೆಯೊಂದು ಸಾಕ್ಷಿ. 8 ಯೂನಿಟ್ ಇನ್ಸುಲಿನ್ ಎಂದಿರಬೇಕಾದಲ್ಲಿ 80 ಎಂದು ದಾಖಲಾಯಿತು, ರೋಗಿ ಉಳಿಯಲಿಲ್ಲ. 2012ರಲ್ಲಿ ಅಲ್ಲಿನ ಜ್ಯೂರಿ ಆಕೆಯ ಕುಟುಂಬಕ್ಕೆ 14 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದಿತು. ಆಸ್ಪತ್ರೆ ಹೊರಗುತ್ತಿಗೆ ಕೊಟ್ಟಿದ್ದ ಆ ಟೈಪಿಂಗ್ ಕೈಯಿಂದ ಕೈಗೆ ದಾಟಿ ಭಾರತಕ್ಕೆ ಬಂದಿತ್ತು.

ಇಷ್ಟು ಹೊಣೆಯ ಕೆಲಸಕ್ಕೆ ಕೂಲಿ ಸಾಲಿನ ಲೆಕ್ಕದಲ್ಲಿ. ಖಾಲಿ ಜಾಗವೂ ಸೇರಿ 65 ಅಕ್ಷರ ಆದರೆ ಒಂದು ಸಾಲು. ಒಂದು ಔಷಧದ ಹೆಸರಿಗಾಗಿ ಅರ್ಧ ಗಂಟೆ ಹುಡುಕಿದರೂ ಆ ಅರ್ಧ ಗಂಟೆಗೆ ಬೆಲೆಯಿಲ್ಲ. ಆದರೂ ಜನ ಇದನ್ನು ಪ್ರೀತಿಸಿ ಮಾಡಿದರು. ವೈದ್ಯಕೀಯ ಕಾಲೇಜಿನ ಮೆಟ್ಟಿಲು ಹತ್ತದೆ ವೈದ್ಯಶಾಸ್ತ್ರದ ಒಂದು ಪಾಲು ತಲೆಗಿಳಿಯುತ್ತಿತ್ತು. ಯಾರಿಗೂ ಅರ್ಥವಾಗದ ವೈದ್ಯರ ಮಾತು ತನಗೆ ಮಾತ್ರ ಅರ್ಥವಾಗುತ್ತದೆ ಎಂಬ ಹೆಮ್ಮೆ ಇತ್ತು. ಮನೆಯಿಂದಲೇ ಮಾಡುವ ಅವಕಾಶ ಸಿಕ್ಕಾಗ ಎಳೆಮಕ್ಕಳ ತಾಯಂದಿರಿಗೆ ನೌಕರಿ ಬಿಡುವ ಸಂಕಟ ತಪ್ಪಿತು.

ಆಮೇಲೆ ದನಿಯನ್ನು ಅಕ್ಷರಕ್ಕಿಳಿಸುವ ತಂತ್ರಾಂಶ ಬಂತು. ಯಂತ್ರ ಕರಡು ಕೊಡುತ್ತದೆ, ಮನುಷ್ಯ ತಿದ್ದಬೇಕು. ತಿದ್ದುವುದಕ್ಕೆ ಹಲವು ಕಡೆ ಹಳೆಯ ದರದ ಅರ್ಧದಷ್ಟೇ. ಇದು ಅನ್ಯಾಯ. ಯಂತ್ರ ಬ್ಲ್ಯಾಂಕ್ ಬಿಡುವುದಿಲ್ಲ, ತಪ್ಪನ್ನೂ ಚೊಕ್ಕ ವಾಕ್ಯದಲ್ಲೇ ಬರೆಯುತ್ತದೆ. ಸರಿಯಾಗಿ ಕಾಣುವ ವಾಕ್ಯದೊಳಗಿನ ತಪ್ಪನ್ನು ಹಿಡಿಯಲು ದುಪ್ಪಟ್ಟು ಗಮನ ಬೇಕು. 2009ರ ಕಾನೂನಿನಿಂದ ಅಮೆರಿಕದಲ್ಲಿ ವಿದ್ಯುನ್ಮಾನ ದಾಖಲೆಗೆ ಪ್ರೋತ್ಸಾಹ ಸಿಕ್ಕಿ, ಬಹಳಷ್ಟು ವೈದ್ಯರು ತಾವೇ ನಮೂನೆ ತುಂಬತೊಡಗಿದರು, ಇಲ್ಲಿಗೆ ಬರುವ ದನಿಯ ಫೈಲ್‌ಗಳು ಕಡಿಮೆಯಾದವು. ಫೈಲ್ ಬರದ ದಿನ ಸಾಲೂ ಇಲ್ಲ, ಸಂಬಳವೂ ಇಲ್ಲ. ಹೆಲ್ತ್‌ಸ್ಕ್ರೈಬ್ ಅನ್ನು ಕೊಂಡ ಸ್ಫೆರಿಸ್ 2010ರಲ್ಲಿ ದಿವಾಳಿ ಅರ್ಜಿ ಹಾಕಿ ಬೇರೆಯವರ ಕೈ ಸೇರಿತು. 2022ರಲ್ಲಿ ಮೈಕ್ರೋಸಾಫ್ಟ್ ತೆಕ್ಕೆಗೆ ಬಂದ ನ್ಯುಯಾನ್ಸ್‌ನ ತಂತ್ರಾಂಶ, ವೈದ್ಯ ಮತ್ತು ರೋಗಿಯ ಮಾತುಕತೆ ಕೇಳಿ ತಾನೇ ಟಿಪ್ಪಣಿ ಸಿದ್ಧಪಡಿಸುತ್ತದೆ.

ಆ ಟಿಪ್ಪಣಿಯನ್ನೂ ಬಲ್ಲವರೊಬ್ಬರು ಓದಲೇಬೇಕು. ಅವರಿಗೆ ಸಾಲಿನ ಲೆಕ್ಕ ಬಿಟ್ಟು ಗಂಟೆಯ ಲೆಕ್ಕದಲ್ಲಿ ಕೂಲಿ ಕೊಡಲಿ. ಇನ್ನು, ಎಂಟಿ ಕಲಿಸಿ ಕೆಲಸ ಗ್ಯಾರಂಟಿ ಎಂದು ಶುಲ್ಕ ಕೇಳುವ ಸಂಸ್ಥೆಗೆ ಹಣ ಕಟ್ಟುವ ಮುನ್ನ, ಈಗ ಅದೇ ಕೆಲಸದಲ್ಲಿರುವ ಒಬ್ಬರನ್ನಾದರೂ ಕಂಡು ಕಳೆದ ತಿಂಗಳು ಕೈಗೆ ಬಂದ ಹಣವೆಷ್ಟು ಎಂದು ಕೇಳಿಕೊಳ್ಳಿ.